ಜಮಖಾನೆಯ ಮೇಲೆ ನಿಂತು ಇಳಿಯುವ ಷರತ್ತು

ಬೀಳುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಇಷ್ಟನ್ನು ಒಪ್ಪಿಕೊಂಡರೆ ನನ್ನ ಅರ್ಧ ವಾದ ಮುಗಿಯಿತು. ವಿಮಾನದ ಬಾಗಿಲಿನಿಂದ ನೂಕಿದರೆ ಜೋಳದ ಚೀಲವೂ ಬೀಳುತ್ತದೆ, ಬಿ.ಎ. ಪಾಸಾದವನೂ ಬೀಳುತ್ತಾನೆ. ಭೂಮಿ ಇಬ್ಬರಲ್ಲಿ ಭೇದ ಮಾಡುವುದಿಲ್ಲ. ನಮಗೆ ಸಂಬಳ ಕೊಡುತ್ತಿದ್ದದ್ದು ಇಳಿಯುವುದಕ್ಕೆ. ಅದೂ ನಿಂತು ಇಳಿಯುವುದಕ್ಕೆ.

ನಾನು ಇಪ್ಪತ್ತೊಂಬತ್ತನೆಯ ವಯಸ್ಸಿಗೆ ನಿವೃತ್ತನಾದೆ. ಅಣ್ಣಿಗೇರಿಯ ಕ್ಷೌರದಂಗಡಿಯಲ್ಲಿ ಇದನ್ನು ಹೇಳಿದಾಗ ಅಂಗಡಿಯವನು ಕತ್ತರಿ ನಿಲ್ಲಿಸಿ ನನ್ನ ತಲೆಯನ್ನು ಸುತ್ತಲೂ ಪರೀಕ್ಷಿಸಿದ. "ರಿಟೈರ್ಡ್ ಅಂತೀ, ಒಂದ ಬಿಳಿಕೂದಲಿಲ್ಲ. ಸಸ್ಪೆಂಡ್ ಆಗಿರಬೇಕು. ನಾಚ್ಕೋಬ್ಯಾಡ ತಮ್ಮಾ, ಹೇಳು" ಎಂದ.

ಸಸ್ಪೆಂಡ್ ಆದದ್ದು ನನ್ನ ಎಡ ಮೊಣಕಾಲು. ಅದು ಮೋಡಗಳ ನಡುವೆ ಎಲ್ಲೋ ಹೋಗಿರಬೇಕೆಂದು ಜನ ಗೌರವದಿಂದ ನೋಡುತ್ತಾರೆ. ಅದು ಹೋದದ್ದು ನವಲಗುಂದದ ಬಸ್ ನಿಲ್ದಾಣದಲ್ಲಿ, ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯಲು ಹೋಗಿ. ಇದರಲ್ಲಿ ವಿಚಿತ್ರವೇನೂ ಇಲ್ಲ. ಪ್ಯಾರಾಚೂಟಿನ ಬ್ರೇಕು ನನ್ನ ಕೈಯಲ್ಲಿತ್ತು. ಬಸ್ಸಿನದು ಡ್ರೈವರನ ಕಾಲಲ್ಲಿತ್ತು.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗ. ಬೆಳಿಗ್ಗೆ ವಿಜ್ಞಾನ ವರವೆಂದು ಸಾಧಿಸಿ ಒಂದು ಢಾಲು, ಮಧ್ಯಾಹ್ನ ಅದು ಶಾಪವೆಂದು ಸಾಧಿಸಿ ಇನ್ನೊಂದು ಢಾಲು ಮನೆಗೆ ತಂದವನು. ಅಂಥ ಒಂದು ಸ್ಪರ್ಧೆಗೆ ಅತಿಥಿಯಾಗಿ ಬಂದವರು ಹಂಚಿನಾಳ ಸರ್. ಸೈನ್ಯದಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿದು ನಿವೃತ್ತರಾಗಿ, ಊರೂರಿನ ಸಮಾರಂಭಗಳಲ್ಲಿ ಆಕಾಶದಿಂದ ಇಳಿದು ತೋರಿಸುವ ಪುಟ್ಟ ತಂಡವೊಂದನ್ನು ಕಟ್ಟಿದ್ದರು. ಭಾಷಣ ಮುಗಿದ ಮೇಲೆ ನಾನು ಎದ್ದು ನಿಂತೆ.

"ಪ್ಯಾರಾಚೂಟ್ ತಪ್ಪದ ತೆರೀತದ ಅಂದ್ರಿ. ಪುರಾವೆ ಏನ್ರಿ ಸರ್?"

"ನಾ ನಿನ್ನ ಮುಂದ ನಿಂತೇನಲ್ಲೋ."

"ತೆರೀದಿದ್ದವರು ಬಂದು ನಿಂದ್ರಾಂಗಿಲ್ರಿ. ನಿಮ್ಮ ಪುರಾವೆ ಒಂದ ಬಾಜೂದು."

ಸಭೆ ಚಪ್ಪಾಳೆ ತಟ್ಟಿತು. ಸರ್ ನಮ್ಮ ಪ್ರಾಚಾರ್ಯರ ಕಡೆ ತಿರುಗಿ, ಮೈಕು ಆರಿಸದೆಯೇ ಹೇಳಿದರು: "ಈ ಮಗನ್ನ ವಿಮಾನದಾಗ ಒಯ್ಯಬೇಕ್ರಿ. ಅಲ್ಲಿ ಗಾಳಿ ಸಪ್ಪಳಕ್ಕ ಇವನ ಮಾತು ಯಾರಿಗೂ ಕೇಳಾಂಗಿಲ್ಲ."

ಅವರ ಮಾತು ಸುಳ್ಳೆಂದು ಸಾಧಿಸಲು ತಂಡ ಸೇರಿದೆ. ಎಂಟು ವರ್ಷ ಪ್ರತಿ ಸಲವೂ ಪ್ಯಾರಾಚೂಟ್ ತೆರೆದುಕೊಂಡಿತು. ನನ್ನ ವಾದ ಈಗಲೂ ಹಾಗೇ ಇದೆ: ಪುರಾವೆ ಒಂದೇ ಬಾಜುವಿನದು.

ಎಂಬತ್ತರ ದಶಕದ ಮೊದಲಿಗೆ ನಮ್ಮಲ್ಲಿದ್ದವು ದುಂಡು ಛತ್ರಿಗಳು. ಪ್ಯಾರಾಚೂಟಿಗೆ ನಾವು ಛತ್ರಿ ಎಂದೇ ಅನ್ನುತ್ತಿದ್ದೆವು. ದುಂಡು ಛತ್ರಿಯಲ್ಲಿ ನಿಮ್ಮ ಅಭಿಪ್ರಾಯ ಯಾರೂ ಕೇಳುವುದಿಲ್ಲ. ಗಾಳಿ ಒಯ್ದಲ್ಲಿಗೆ ಹೋಗುವುದು, ಬಿದ್ದಲ್ಲಿ ಉರುಳುವುದು, ಎದ್ದು ಮಣ್ಣು ಜಾಡಿಸಿಕೊಂಡು ಇದು ಯಾವ ಊರೆಂದು ವಿಚಾರಿಸುವುದು. ಆಮೇಲೆ ಬಂದದ್ದು ಚೌಕ. ಆಕಾರದಲ್ಲಿ ಹಾಸಿಗೆ, ಸ್ವಭಾವದಲ್ಲಿ ಮೋಟರ್ ಸೈಕಲ್ಲು. ಅದು ಬರೀ ಇಳಿಯುವುದಿಲ್ಲ, ಮುಂದಕ್ಕೆ ಓಡುತ್ತದೆ. ಎರಡು ಕೈಗೆ ಎರಡು ಬ್ರೇಕು. ಬಲಗಡೆಯದನ್ನು ಎಳೆದರೆ ಬಲಕ್ಕೆ, ಎಡಗಡೆಯದನ್ನು ಎಳೆದರೆ ಎಡಕ್ಕೆ. ನೆಲ ಹತ್ತಿರ ಬಂದಾಗ ಸರಿಯಾದ ಎತ್ತರದಲ್ಲಿ ಎರಡನ್ನೂ ಒಟ್ಟಿಗೆ ಎಳೆದರೆ ಅದು ಮೂಗು ಎತ್ತಿ ನಿಂತು, ನಿಮ್ಮನ್ನು ಮೆಟ್ಟಿಲಿಳಿಸಿದಂತೆ ಇಳಿಸುತ್ತದೆ. ಬೇಗ ಎಳೆದರೆ ಮೇಲೆಯೇ ನಿಂತು ಅಲ್ಲಿಂದ ಕೈಬಿಡುತ್ತದೆ. ತಡವಾದರೆ ನೀವು ನೆಲ ಉಳುವ ರಂಟೆಯಾಗುತ್ತೀರಿ. ನೆಲದ ಹತ್ತಿರ ಒಂದೇ ಬ್ರೇಕನ್ನು ಜೋರಾಗಿ ಎಳೆದು ತಿರುಗಿದಿರೋ, ಚೌಕ ತಿರುಗುತ್ತ ತಿರುಗುತ್ತ ಮೂಗು ಕೆಳಗೆ ಮಾಡಿ ಧುಮುಕುತ್ತದೆ. ಅದರಲ್ಲಿ ತಮಾಷೆ ಇಲ್ಲ. ಈ ಬರಹದಲ್ಲಿ ತಮಾಷೆ ಇಲ್ಲದ ಮಾತು ಇದೊಂದೇ. ಎರಡು ಸಲ ಓದಿ.

ನಾವು ಕಲಿತದ್ದು ಸಂಶಿಗೂ ಕುಬಿಹಾಳಕ್ಕೂ ನಡುವಿನ ಒಂದು ಕಪ್ಪು ಮಣ್ಣಿನ ಎರಿ ಹೊಲದಲ್ಲಿ. ಹೆಸರು ಬೆಳೆ ಕಿತ್ತ ಮೇಲೆ ಖಾಲಿ ಬಿಟ್ಟದ್ದು, ಮರವಿಲ್ಲ, ತಂತಿಯಿಲ್ಲ, ದೇವರು ರೊಟ್ಟಿ ತಟ್ಟಿಟ್ಟಂತೆ ಸಪಾಟು. ಒಡತಿ ಶಿವಲಿಂಗವ್ವ. ಗಂಡ ಸತ್ತ ಮೇಲೆ ಇಡೀ ಹೊಲಮನೆ ಒಬ್ಬಳೇ ನೋಡಿಕೊಳ್ಳುತ್ತಿದ್ದ, ನನಗಿಂತ ಚೆನ್ನಾಗಿ ವಾದಿಸುತ್ತಿದ್ದ ಹೆಂಗಸು. ವಿಮಾನ ಹುಬ್ಬಳ್ಳಿಯಿಂದ ಏಳುತ್ತಿತ್ತು. ಛತ್ರಿ ಮಡಚುವವನು ರಾಜೇಸಾಬ. ಅವನು ಮಡಚಿದ ಪ್ರತಿ ಛತ್ರಿಯ ಪಟ್ಟಿಗೂ ಒಂದು ನಿಂಬೆಹಣ್ಣು ಕಟ್ಟುತ್ತಿದ್ದ. ಇದು ಮೂಢನಂಬಿಕೆಯೆಂದು ನಾನು ಉದ್ದಕ್ಕೆ ಖಂಡಿಸಿದೆ. ಅವನು ದಾರಕ್ಕೆ ಗಂಟು ಹಾಕುತ್ತಲೇ, "ನಿಂಬಿಹಣ್ಣು ನಿನಗಲ್ಲೋ ಗುರಪ್ಪಾ, ಛತ್ರಿಗೆ. ನಿನ್ನಂಥವನ್ನ ದಿನಾ ಹೊತ್ಕೊಂಡ ತಿರಗತದ, ಅದಕ್ಕೂ ದೃಷ್ಟಿ ಆಗತದ" ಎಂದ. ಆ ಹಣ್ಣನ್ನು ಸಂಜೆ ಶರಬತ್ತು ಮಾಡಿ ಕುಡಿಯುತ್ತಿದ್ದವನೂ ಅವನೇ.

ಚೌಕಕ್ಕೆ ಹಂಚಿನಾಳ ಸರ್ ಎರಡು ನಿಯಮ ಹೇಳಿದರು.

"ಜ್ವಾಳದ ಕಣಿಕಿ ಹೇರಿದ ಚಕ್ಕಡಿ ಎಷ್ಟ ಎತ್ತರ ಇರತದ, ಅಷ್ಟಕ್ಕ ಬಂದಾಗ ಎರಡೂ ಕೈ ಕೆಳಗ. ಇದು ಒಂದು."

"ಯಾವ ಊರ ಚಕ್ಕಡಿ ಸರ್?" ಎಂದೆ. "ಕುಬಿಹಾಳದವರು ಭಾಳ ಹೇರ್ತಾರ್ರಿ. ಸಂಶಿಯವರು ಎತ್ತಿಗೆ ಅಂಜಿ ಕಡಿಮಿ ಹೇರ್ತಾರ."

ಸರ್ ಕಣ್ಣು ಮುಚ್ಚಿ ತೆರೆದರು. "ಎರಡನೇದು. ಕೆಳಗ ನಿಂತವರ ಮುಖ ಗುರ್ತ ಹತ್ತಿತಂದ್ರ, ತಿರುಗೂ ಮಾತ ಮುಗೀತು. ಎದುರಿಗೆ ಏನರ ಇರಲಿ, ಜೋರ ತಿರುಗಬ್ಯಾಡ. ಎರಡೂ ಬ್ರೇಕ್ ಅರ್ಧ ಹಿಡಿ, ಒಂದ ಬಾಜು ಚೂರ ಹೆಚ್ಚ ಜಗ್ಗು. ಸರದ ಹೋಗ್ತದ, ಧುಮುಕಾಂಗಿಲ್ಲ."

"ಯಾರ ಮುಖರಿ? ಪರಿಚಯದವರದು ದೂರದಿಂದನ ಗುರ್ತ ಹತ್ತತದ. ಪರಿಚಯ ಇಲ್ಲದವರದು ನೆಲಕ್ಕ ಬಂದರೂ ಹತ್ತಾಂಗಿಲ್ಲ. ನಿಮ್ಮ ನಿಯಮದಾಗ ಅಳತಿನ ಇಲ್ಲ."

"ಲೇ, ನೆಲಾ ನಿನ್ನ ಪ್ರಶ್ನಿಗೆ ಉತ್ತರ ಕೊಡ್ತದ ತಡಿ" ಎಂದರು.

ನೆಲ ಕೊಟ್ಟಿತು. ಮೊದಲ ಸಲ ಕುಬಿಹಾಳದ ಚಕ್ಕಡಿಯ ಎತ್ತರದಲ್ಲೇ ಎರಡೂ ಕೈ ಎಳೆದೆ. ಚೌಕ ವಿನಯದಿಂದ ಗಾಳಿಯಲ್ಲೇ ನಿಂತಿತು. ನಾನು ಮಾತ್ರ ನಿಲ್ಲಲಿಲ್ಲ. ಕೂತ ಭಂಗಿಯಲ್ಲೇ ಇಳಿದೆ. ಆಮೇಲೆ ಒಂದು ವಾರ ಕೂಡುವ ಭಂಗಿಯೊಂದನ್ನು ಬಿಟ್ಟು ಉಳಿದೆಲ್ಲ ಭಂಗಿಯಲ್ಲಿ ಊಟ ಮಾಡಿದೆ. ರಾಜೇಸಾಬ ದಿನಾ ಬಂದು ಕುರ್ಚಿ ಹಾಕಿ, "ಕೂಡ್ರಿ ಸಾಹೇಬರ" ಎಂದು ಉಪಚಾರ ಮಾಡಿ ಹೋಗುತ್ತಿದ್ದ.

ಮುಂದಿನ ಸಲ ಆ ತಪ್ಪನ್ನು ಸಮತೋಲ ಮಾಡಲು ತಡವಾಗಿ ಎಳೆದೆ. ಹೊಲದ ಅಂಚಿನ ಕಣದಲ್ಲಿ ಶಿವಲಿಂಗವ್ವ ಬ್ಯಾಡಗಿ ಮೆಣಸಿನಕಾಯಿ ಒಣಹಾಕಿದ್ದಳು. ಮೇಲಿಂದ ನೋಡಿದರೆ ಸ್ವಾಗತಕ್ಕೆ ಹಾಸಿದ ಕೆಂಪು ರತ್ನಗಂಬಳಿ. ಆ ಕಂಬಳಿಯ ಈ ತುದಿಯಿಂದ ಆ ತುದಿಗೆ ನಾನು ಹೊಟ್ಟೆಯ ಮೇಲೆ ಜಾರುತ್ತ ಹೋದೆ. ಹಿಂದೆ ಬಂದ ಚೌಕ ಉಳಿದ ಘಾಟನ್ನು ಬೀಸಿ ಊರಿಗೆ ಹಂಚಿತು. ಎತ್ತು ಸೀನಿದವು. ನಾಯಿ ಸೀನಿದವು. ಕಾಯಿ ಆರಿಸುತ್ತಿದ್ದ ಹೆಣ್ಣುಮಕ್ಕಳು ನನ್ನನ್ನು ಬೈಯಲು ಬಾಯಿ ತೆರೆದಾಗಲೆಲ್ಲ ಸೀನಿದ್ದರಿಂದ ಒಂದು ಬೈಗುಳವೂ ಪೂರ್ತಿಯಾಗಲಿಲ್ಲ.

ಶಿವಲಿಂಗವ್ವ ಮೂಗಿಗೆ ಸೆರಗು ಒತ್ತಿಕೊಂಡು ಬಂದಳು. "ಇಷ್ಟ ದೊಡ್ಡ ಹೊಲ ಕೊಟ್ಟೇನಿ. ನಿನಗ ಇಳೀಲಿಕ್ಕೆ ನನ್ನ ಮೆಣಸಿನಕಾಯಿನ ಬೇಕಾಗಿತ್ತೇನು?"

"ಅವ್ವಾ, ಗಾಳಿ—"

"ಗಾಳಿಗೆ ಮೆಣಸಿನಕಾಯಿ ಎಲ್ಲದಾವ ಗೊತ್ತಿಲ್ಲ. ನಿನಗ ಕಣ್ಣ ಅದಾವಿಲ್ಲೋ?"

ಆಗ ನನಗೆ ಕಣ್ಣುಗಳಿರಲಿಲ್ಲ. ಎರಡು ಕೆಂಡಗಳಿದ್ದವು. ಆದರೂ ಅವಳ ವಾದ ಸರಿಯೆಂದು ನನಗೆ ಆಗಲೇ ಗೊತ್ತಿತ್ತು, ಯಾಕೆಂದರೆ ಇಳಿಯುವಾಗ ನಾನು ನೋಡುತ್ತಿದ್ದದ್ದು ಮೆಣಸಿನಕಾಯಿಯನ್ನೇ. ಇಡೀ ಹೊಲ ಖಾಲಿ ಇದ್ದರೂ ಮನುಷ್ಯ ಹೆದರಿದ ವಸ್ತುವಿನಿಂದ ಕಣ್ಣು ಕೀಳುವುದಿಲ್ಲ; ಕಣ್ಣು ಹೋದ ಕಡೆ ಕೈ, ಕೈ ಹೋದ ಕಡೆ ಛತ್ರಿ. ಇದನ್ನು ಒಮ್ಮೆಗೇ ಕಲಿಯುವವನು ನಾನಲ್ಲ. ಅದರ ಮುಂದಿನ ಸಲ ಬಾಜು ಹೊಲದ ಕುಸುಬಿ ಪಟ್ಟಿಯನ್ನು ನೋಡುತ್ತ ನೋಡುತ್ತ ಅದರೊಳಗೇ ಇಳಿದೆ. ಮುಳ್ಳು ಬಲಿತ ಕುಸುಬಿ. ರಾಜೇಸಾಬ ಚಿಮಟ ಹಿಡಿದು ಸಂಜೆತನಕ ಕೂತ. "ಇದು ಮುಳ್ಳಲ್ಲ ಗುರಪ್ಪಾ, ಬಿತ್ತನಿ. ಮಳಿಗಾಲಕ್ಕ ನಿನ್ನ ಬೆನ್ನಾಗ ಎರಡ ಚೀಲ ಬರತಾವ" ಎಂದ.

ಮರುದಿನ ಹಂಚಿನಾಳ ಸರ್ ಕರೆದರು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ್ದರು. ಅವರು ಬೈಯುವಾಗ ಮುಂದಕ್ಕೆ ಬಾಗುತ್ತಿದ್ದರು. ಹಿಂದಕ್ಕೆ ಒರಗಿದರೆ ಬೈಯುವ ಹಂತ ದಾಟಿದೆ ಎಂದರ್ಥ.

"ಇನ್ನೊಂದ ಜಿಗಿತ ಕೊಡತೇನಿ. ಗುರ್ತಿನ ಮ್ಯಾಲೆ ನಿಂತು ಇಳಿದಿ, ಚೌಕ ನಿಂದು, ನೀ ತಂಡದಾಂವ. ಇಲ್ಲಂದ್ರ ಮನಿಗೆ ಹೋಗು. ವಕೀಲಕಿ ಓದು. ಅಲ್ಲಿ ಕೂತು ಇಳಿದರೂ ನಡೀತದ."

ನಾನು ವಾದಿಸಲಿಲ್ಲ. ಅಣ್ಣಿಗೇರಿಯ ಬಸ್ಸು ನಿಲ್ಲುವ ಪ್ರತಿ ಚಹಾದಂಗಡಿಯಲ್ಲಿ ನಾನು ಆಕಾಶದಲ್ಲಿ ಕೆಲಸ ಮಾಡುವವನೆಂದು ಹೇಳಿಯಾಗಿತ್ತು. ಅದಕ್ಕಿಂತ ದೊಡ್ಡ ಕಾರಣವೂ ಇತ್ತು. ಅಲ್ಲಿಯವರೆಗೆ ಯಾವ ವಿಷಯದಲ್ಲೂ ನಾನು ಎರಡು ಪಕ್ಷದಲ್ಲಿ ಒಂದೇ ಬೇಕೆಂದು ಬಯಸಿದ್ದಿಲ್ಲ. ಚೌಕ ಬೇಕಾಗಿತ್ತು. ಅದು ತೆರೆದುಕೊಂಡು, ಗದ್ದಲ ನಿಂತು, ಕೆಳಗೆ ಕರಿ ಹೊಲ ಬಿಳಿ ದಾರಿಗಳು ಹರಡಿಕೊಳ್ಳುವ ಆ ಹೊತ್ತಿನಲ್ಲಿ ನನ್ನ ತಲೆಯೊಳಗಿನ ಚರ್ಚಾಸ್ಪರ್ಧೆ ನಿಲ್ಲುತ್ತಿತ್ತು. ಇದಕ್ಕೆ ಪ್ರತಿವಾದ ನನ್ನ ಬಳಿ ಇಲ್ಲ.

ಈಗ ಗುರುತಿನ ಸಮಸ್ಯೆ. ನಮ್ಮ ತಂಡ ಇಳಿಯುವ ಜಾಗದಲ್ಲಿ ಬಿಳಿ ಬಟ್ಟೆ ಹಾಸುತ್ತಿತ್ತು. ಆದರೆ ಹಿಂದಿನ ವಾರ ಸಹೋದ್ಯೋಗಿಯೊಬ್ಬ ಮೇಲಿಂದ ಅದೇ ಗುರುತೆಂದು ತಿಳಿದು ಕುಬಿಹಾಳದ ಹಳ್ಳದ ದಂಡೆಯಲ್ಲಿ ಯಾರೋ ಒಣಹಾಕಿದ ಧೋತರಗಳ ಮೇಲೆ ಕರಾರುವಾಕ್ಕಾಗಿ, ನಿಂತು, ಕೈ ಎತ್ತಿ ಇಳಿದಿದ್ದ. ಶಿವಲಿಂಗವ್ವ ಅದನ್ನು ಕೇಳಿ ಒಳಗೆ ಹೋಗಿ, ಅಟ್ಟದಿಂದ ನವಲಗುಂದದ ಒಂದು ಹಳೆಯ ಜಮಖಾನೆ ಇಳಿಸಿ ತಂದಳು. ಕೆಂಪು ನೆಲ, ಹಳದಿ ಅಂಚು, ನಡುವೆ ನವಿಲು. ಇಡೀ ಬೀಗರ ಗುಂಪು ಕೂಡುವಷ್ಟು ದೊಡ್ಡದು. "ಇದು ನನ್ನ ಮದವಿಗೆ ನೇಯಿಸಿದ್ದು. ಇದು ಕಾಣದಿದ್ರ ನಿಮಗ ಭೂಮಿನೂ ಕಾಣಾಂಗಿಲ್ಲ" ಎಂದಳು. ಎರಿ ನೆಲದ ಮೇಲೆ ಅದು ಕುಂಕುಮ ಇಟ್ಟಂತೆ ಕಾಣುತ್ತಿತ್ತು. ಸರ್ ಒಪ್ಪಿದರು.

ಪರೀಕ್ಷೆಯ ದಿನ ನಾನು ವಿಮಾನದಲ್ಲಿ ಮೇಲೇರುತ್ತಿದ್ದಾಗ ಕೆಳಗೆ ಏನಾಯಿತೆಂಬುದು ನನಗೆ ತಿಳಿದದ್ದು ಆಮೇಲೆ. ನೀವು ಈಗಲೇ ತಿಳಿದುಕೊಳ್ಳಿ.

ರಾಜೇಸಾಬ ಮತ್ತು ಶಿವಲಿಂಗವ್ವ ಹೊಲದ ನಟ್ಟನಡುವೆ ಜಮಖಾನೆ ಹಾಸಿದರು. ರಾಜೇಸಾಬ ಗಾಳಿಯ ನಿಶಾನೆ ನೆಡಲು ದೂರದ ಬದುವಿಗೆ ಹೋದ. ಆಗ ಜಿಗಿತ ನೋಡಲು ಸಂಶಿಯ ಹಿರಿಯರು ಬಂದರು. ಬಯಲಲ್ಲಿ ಜಮಖಾನೆ ಹಾಸಿದೆ. ನಮ್ಮ ಕಡೆ ಹಾಸಿದ ಜಮಖಾನೆ ಎಂದರೆ ಬಾಯಿಬಿಟ್ಟು ಹೇಳದ ಕರೆ. ಕೂಡದೆ ನಿಂತರೆ ಹಾಸಿದವರಿಗೆ ಅವಮಾನ. ಹಿರಿಯರು ಅಂಚಿನಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು, ತಲೆಯ ಬಿಳಿ ಪಟಕಾ ಸರಿಮಾಡಿಕೊಂಡು, ನವಿಲಿನ ಮೇಲೆ ಕೂತರು. ಕೂತವರಿಗೆ ಏನೂ ಕೊಡದಿದ್ದರೆ ಹೇಗೆಂದು ಶಿವಲಿಂಗವ್ವ ಚುರುಮುರಿ, ಚಹಾ ತರಿಸಿ, ನನ್ನ ಷರತ್ತಿನ ಕಥೆ ಹೇಳುತ್ತ ತಾನೂ ಒಂದು ತುದಿಗೆ ಕೂತಳು.

ಹಂಚಿನಾಳ ಸರ್ ಓಡಿ ಬಂದರು. "ಏಳ್ರಿ, ಏಳ್ರಿ, ಇಲ್ಲಿ ಹುಡುಗ ಇಳಿಯಾಂವ ಇದ್ದಾನ."

"ಇಳೀಲಿ ಬಿಡ್ರಿ, ಜಾಗಾ ಭಾಳ ಐತಿ" ಎಂದರು ಒಬ್ಬ ಹಿರಿಯರು. "ಮದ್ಲ ನೀವು ಕೂಡ್ರಿ ಸಾಹೇಬರ. ನೀವು ನಿಂತು ನಾವು ಕೂಡೂದು ಹ್ಯಾಂಗ?"

ಶತ್ರುವಿನ ಗುಂಡಿಗೆ ಬಗ್ಗದವರು ಈ ಮಾತಿಗೆ ಬಗ್ಗಿದರು. ವಿಮಾನ ಇನ್ನೊಂದು ಸುತ್ತು ಹಾಕಿ ಬರುತ್ತದೆ, ಅಷ್ಟರಲ್ಲಿ ಉಪಾಯದಿಂದ ಎಬ್ಬಿಸಿದರಾಯಿತು ಎಂದು ಲೆಕ್ಕ ಹಾಕಿ, ಮರ್ಯಾದೆಗೆ ಒಂದು ಕ್ಷಣ ಕೂತರು. ಕೈಗೆ ಚಹಾದ ಬಸಿ ಬಂತು. ವಿಮಾನ ಇನ್ನೊಂದು ಸುತ್ತು ಹಾಕಲಿಲ್ಲ.

ನಾನು ಜಿಗಿದೆ. ಚೌಕ ತೆರೆಯಿತು. ಜಮಖಾನೆ ದೂರದಿಂದಲೇ ಕಂಡಿತು. ನನ್ನ ಜೀವನದಲ್ಲಿ ಅಷ್ಟು ಸುಂದರವಾದ ಗಾಳಿಯ ಲೆಕ್ಕ ನಾನು ಮಾಡಿರಲಿಲ್ಲ. ಗಾಳಿಯ ಜೊತೆ ಹೋಗಿ, ಎತ್ತರದಲ್ಲೇ ಅಡ್ಡ ತಿರುಗಿ, ಗಾಳಿಗೆ ಎದುರಾಗಿ ಕೊನೆಯ ಹಾದಿ ಹಿಡಿದೆ. ನೇರ ಮುಂದೆ ಕೆಂಪು. ಕೆಂಪಿನ ಮೇಲೆ ಬಿಳಿ ಚುಕ್ಕೆಗಳು.

ತಲೆಯೊಳಗಿನ ಚರ್ಚಾಸ್ಪರ್ಧೆ ಶುರುವಾಯಿತು. ಒಂದನೆಯ ವಾದಿ: ಬೆಳ್ಳಕ್ಕಿ ಕೂತಿರಬಹುದು, ಹತ್ತಿರ ಹೋದರೆ ಹಾರುತ್ತವೆ. ಎರಡನೆಯ ವಾದಿ: ಹತ್ತಿ ಹಾರಿ ಬಿದ್ದಿರಬಹುದು. ಮೂರನೆಯ ವಾದಿ: ಏನೇ ಇರಲಿ, ಷರತ್ತು ಷರತ್ತೇ. ಅಧ್ಯಕ್ಷರು ಗಂಟೆ ಬಾರಿಸುವಷ್ಟರಲ್ಲಿ ಒಂದು ಬೆಳ್ಳಕ್ಕಿ ಚಹಾ ಕುಡಿಯಿತು.

ಇನ್ನೊಂದು ಬೆಳ್ಳಕ್ಕಿ ನನ್ನ ಕಡೆ ಬೆರಳು ತೋರಿಸಿತು. ಬಾಜುವಿನದು ಬಸಿ ಹಿಡಿದೇ ಬಾಯಿ ತೆರೆಯಿತು. ಮೀಸೆ ಕಂಡಿತು. ಮುಖ ಗುರುತು ಹತ್ತಿತು.

ಎರಡು ದಾರಿ ಇದ್ದವು. ಒಂದೇ ಬ್ರೇಕು ಜೋರಾಗಿ ಎಳೆದು ತಿರುಗುವುದು. ಆಗ ಜಮಖಾನೆಯವರು ಉಳಿಯುತ್ತಾರೆ, ನಾನು ಧುಮುಕುತ್ತೇನೆ. ಇಲ್ಲವೇ ಷರತ್ತಿನ ಪ್ರಕಾರ ನೇರ ಹೋಗಿ ಸಂಶಿಯ ಹಿರಿಯರನ್ನು ಚುರುಮುರಿ ಸಮೇತ ಬಾಚಿಕೊಂಡು ಹೋಗುವುದು. ನನ್ನ ಬಲಗೈ ಆಗಲೇ ಎಳೆಯಲು ಶುರುಮಾಡಿತ್ತು. ನಾನು ಮಾಡಿದ ದೊಡ್ಡ ಸಾಹಸವೆಂದರೆ ಆ ಕೈಯನ್ನು ನಿಲ್ಲಿಸಿದ್ದು. ಎರಡೂ ಬ್ರೇಕು ಅರ್ಧಕ್ಕೆ ಹಿಡಿದೆ. ಬಲಕ್ಕೆ ಚೂರು ಹೆಚ್ಚು. ಆಮೇಲೆ ಅದಕ್ಕಿಂತ ಕಷ್ಟದ್ದು: ಆ ಮೀಸೆಯಿಂದ ಕಣ್ಣು ಕಿತ್ತು ಬಾಜುವಿನ ಬರೀ ಮಣ್ಣನ್ನು ನೋಡಿದೆ. ಏನೂ ಇಲ್ಲದ ಮಣ್ಣು. ಅದನ್ನೇ ಜಗತ್ತಿನಲ್ಲಿ ನನಗೆ ಬೇಕಾದ ಏಕೈಕ ವಸ್ತುವೆಂಬಂತೆ ನೋಡಿದೆ.

ಚೌಕ ಧುಮುಕಲಿಲ್ಲ. ಮಗ್ಗುಲು ಬದಲಿಸಿದ ಎಮ್ಮೆಯಂತೆ ನಿಧಾನ ಸರಿಯಿತು. ಹಂಚಿನಾಳ ಸರ್ ತಲೆಯ ಬಾಜು ನನ್ನ ಬೂಟು ಹಾದುಹೋಯಿತು. ಕಣಿಕೆಯ ಚಕ್ಕಡಿಯ ಎತ್ತರ, ಸಂಶಿಯ ಚಕ್ಕಡಿ, ಎರಡೂ ಕೈ ಕೆಳಗೆ. ಅರ್ಧ ಎಳೆದೇ ಬಂದರೆ ಕೊನೆಗೆ ಎಳೆಯಲು ಉಳಿಯುವುದು ಅರ್ಧವೇ. ಹಾಗಾಗಿ ಮೆಟ್ಟಿಲಿಳಿದಂತೆ ಇಳಿಯಲಿಲ್ಲ, ಬಸ್ಸು ಹಿಡಿಯುವವನಂತೆ ಓಡುತ್ತ ಇಳಿದೆ. ಸಾಲಾಗಿ ಬಿಟ್ಟ ಚಪ್ಪಲಿಗಳ ನಡುವೆ ಹಾದು, ಅವನ್ನು ಎರಡೂ ಕಡೆಗೆ ಹಾರಿಸುತ್ತ, ಕೊನೆಗೆ ನಿಂತೆ. ಎರಡು ಕಾಲ ಮೇಲೆ. ಚೌಕ ನನ್ನ ಹಿಂದೆ ಮೆತ್ತಗೆ ಮಲಗಿತು.

ಆಗ ಶುರುವಾಯಿತು ಅಸಲು ಚರ್ಚಾಸ್ಪರ್ಧೆ. ಯಾರೂ ಜಮಖಾನೆಯಿಂದ ಏಳಲಿಲ್ಲ.

"ನಿಂತ ಇಳದಾನ, ಖರೇ" ಎಂದರು ಒಬ್ಬರು. "ಆದ್ರ ಜಮಖಾನಿ ಮ್ಯಾಲೆ ಇಳೀಲಿಲ್ಲ. ಷರತ್ತ ಜಮಖಾನಿದು."

ಶಿವಲಿಂಗವ್ವ ಚುರುಮುರಿಯ ಬುಟ್ಟಿ ಕೆಳಗಿಟ್ಟಳು. "ಜಮಖಾನಿ ತುಂಬ ನೀವ ಕುಂತೀರಿ. ಅಂವ ಎಲ್ಲಿ ಇಳೀಬೇಕ್ರಿ, ನಿಮ್ಮ ಪಟಕಾದ ಮ್ಯಾಲೇನು?"

"ಹಾಸಿದ್ದಕ್ಕ ಕುಂತೀವಿ ನಾವು!"

"ಹಾಸಿದಾಕಿ ನಾನ. ನಾ ಕುಂದ್ರಾಕ ಹಾಸಿದ್ದಿಲ್ಲ."

"ನೀನೂ ಕುಂತೀಯಲ್ಲವಾ!"

ಶಿವಲಿಂಗವ್ವ ಬುಟ್ಟಿಯನ್ನು ಮತ್ತೆ ಎತ್ತಿಕೊಂಡಳು. ಎಲ್ಲರೂ ಹಂಚಿನಾಳ ಸರ್ ಕಡೆ ನೋಡಿದರು. ಸರ್ ಮಡಿಲಲ್ಲಿ ಚೆಲ್ಲಿದ ಚಹಾ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದರು: "ಯಾಕ ಅಲ್ಲಿ ಇಳಿದಿ? ವಾದ ಮಾಡು. ನಿನಗ ಇದ ಕಡೀ ಅವಕಾಶ."

ಢಾಲುಗಳನ್ನು ಗೆದ್ದ ಬಾಯಿಂದ ಒಂದೇ ಮಾತು ಬಂತು.

"ಮುಖ ಗುರ್ತ ಹತ್ತಿತ್ರಿ ಸರ್."

"ಯಾರದು?"

"ನಿಮ್ಮದು."

ಸರ್ ಬಸಿ ಕೆಳಗಿಟ್ಟರು. ಆಮೇಲೆ ಬಾಜುವಿನ ಹಿರಿಯರ ತೊಡೆ ತಟ್ಟಿದರು. "ಸ್ವಲ್ಪ ಸರೀರಿ." ಹಿರಿಯರು ಸರಿದರು. ಅವರ ಬಾಜುವಿನವರು ಸರಿದರು. ನವಿಲಿನ ಕತ್ತು ಕಂಡಿತು.

"ಬೂಟ ಬಿಚ್ಚಿ ಬಾ" ಎಂದರು.

ನಾನು ಬೂಟು ಬಿಚ್ಚಿ, ಬರಿಗಾಲಲ್ಲಿ ಹೋಗಿ ನವಿಲಿನ ಕತ್ತಿನ ಮೇಲೆ ನಿಂತೆ.

"ನೋಡ್ರಿ" ಎಂದರು ಸರ್, ಎಲ್ಲರಿಗೂ ಕೇಳುವಂತೆ. "ಮ್ಯಾಲಿಂದ ಇಳದಾನ. ಜಮಖಾನಿ ಮ್ಯಾಲೆ ನಿಂತಾನ. ಷರತ್ತಿನಾಗ ನಡುವ ನಾಕ ಹೆಜ್ಜಿ ನಡಿಯಬಾರದು ಅಂತ ನಾ ಹೇಳಿಲ್ಲ."

ಅದು ನನ್ನ ತರಹದ ವಾದ. ಅದರಲ್ಲಿ ಕನಿಷ್ಠ ಮೂರು ದೋಷ ನನಗೆ ಅಲ್ಲೇ ನಿಂತಲ್ಲೇ ಕಂಡವು. ಒಂದನ್ನೂ ಎತ್ತಲಿಲ್ಲ; ಶಿವಲಿಂಗವ್ವ ಕೊಟ್ಟ ಚುರುಮುರಿ ತಗೊಂಡು ಕೂತೆ.

ಮರುವಾರದಿಂದ ತಂಡ ಇಳಿಯುವ ಜಾಗಕ್ಕೆ ಸುಣ್ಣದ ಪುಡಿ ಹಾಕತೊಡಗಿತು. ಈಗ ಎಲ್ಲ ಕಡೆ ಅದೇ ಪದ್ಧತಿ. ಯಾಕೆ ಸುಣ್ಣ ಎಂದು ಹೊಸಬರು ಕೇಳುತ್ತಾರೆ, ಮೇಲಿಂದ ಚೆನ್ನಾಗಿ ಕಾಣುತ್ತದೆ ಎಂದು ಅವರಿಗೆ ಹೇಳಲಾಗುತ್ತದೆ. ಸುಣ್ಣದ ಮೇಲೆ ಯಾರೂ ಕೂಡುವುದಿಲ್ಲ, ಅದಕ್ಕೆ.

ಆ ಸಂಜೆ ಹಿರಿಯರೆಲ್ಲ ಹೊಲದ ತುಂಬ ಚಪ್ಪಲಿ ಹುಡುಕಿದರು. ಯಾರಿಗೂ ತಮ್ಮ ಜೋಡಿ ಪೂರ್ತಿ ಸಿಗಲಿಲ್ಲ. ಸಿಕ್ಕಿದ್ದನ್ನು ಮೆಟ್ಟಿಕೊಂಡು, ಒಂದು ಕಾಲಿಗೆ ತನ್ನದು ಇನ್ನೊಂದಕ್ಕೆ ನೆರೆಯವನದು, ಷರತ್ತು ಗೆದ್ದಿತೋ ಸೋತಿತೋ ಎಂದು ವಾದಿಸುತ್ತ ಸಂಶಿಯ ದಾರಿ ಹಿಡಿದರು. ನಾನು ಚೌಕವನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ನಡೆದೆ. ನನ್ನ ಕಾಲಿಗೆ ಮಾತ್ರ ನನ್ನವೇ ಎರಡು ಬೂಟು ಇದ್ದವು.